ಪ್ರಾಗ್‌ನ ಓಲ್ಡ್ ಟೌನ್ ಹಾಲ್: ಮೊದಲು ಗಡಿಯಾರ ಓದಿ, ಆಮೇಲೆ ಒಳಗೆ ಹೋಗಿ

ನಮಸ್ಕಾರ. ಇದು ಚೆಕ್ ರಾಜಧಾನಿ ಪ್ರಾಗ್‌ನ ಹಳೇ ಪಟ್ಟಣದ ಚೌಕ. ಎದುರಿಗಿರೋದು ಓಲ್ಡ್ ಟೌನ್ ಹಾಲ್, ಅಂದಿನ ಪುರಸಭೆ. ಮೆಟ್ರೋ ಎ ಲೈನ್‌ನಲ್ಲಿ ಸ್ತಾರೊಮ್ಯೆಸ್ತ್‌ಸ್ಕಾ ಸ್ಟೇಷನ್‌ನಲ್ಲಿ ಇಳಿದ್ರೆ ಸ್ವಲ್ಪ ದೂರದ ನಡಿಗೆ ಅಷ್ಟೇ.

ಬೆಳಗ್ಗೆ 9ರಿಂದ ರಾತ್ರಿ 11ರ ತನಕ, ಗಂಟೆಗೊಂದು ಸಲ ಇದರ ಗೋಪುರದ ಗೋಡೆಯಲ್ಲಿರೋ ಖಗೋಳ ಗಡಿಯಾರದಲ್ಲಿ ಬೊಂಬೆಗಳ ಮೆರವಣಿಗೆ ನಡೆಯುತ್ತೆ. ಅಸ್ಥಿಪಂಜರ ಹಗ್ಗ ಎಳೆದು ಗಂಟೆ ಬಾರಿಸುತ್ತೆ, ಎರಡು ಕಿಟಕಿಗಳಲ್ಲಿ ಯೇಸುವಿನ ಸಂದೇಶ ಸಾರಿದ ಹನ್ನೆರಡು ಅಪೊಸ್ತಲರು ಹಾದು ಹೋಗ್ತಾರೆ, ಮೇಲಿನ ಚಿನ್ನದ ಹುಂಜ ಕೂಗುತ್ತೆ. ಒಂದು ನಿಮಿಷದೊಳಗೆ ಎಲ್ಲ ಮುಗೀತು. ಎಲ್ಲರೂ ಕತ್ತೆತ್ತಿ ನಿಂತಿರೋ ಆ ಹೊತ್ತೇ ಜೇಬುಗಳ್ಳರಿಗೆ ಸುಗ್ಗಿ. ಬ್ಯಾಗು ಎದೆಗೆ ಹಾಕ್ಕೊಳ್ಳಿ, ಫೋನು ಹಿಂದಿನ ಜೇಬಲ್ಲಿ ಬೇಡ.

ಮೆರವಣಿಗೆ ಮುಗಿದದ್ದೇ ಜನ ಕರಗ್ತಾರೆ. ಗಡಿಯಾರ ಓದೋಕೆ ಸರಿಯಾದ ಸಮಯ ಅದು. ದಯವಿಟ್ಟು ಓದದೆ ಹೋಗಬೇಡಿ. ಇದು 1410ರದ್ದು. ಗಡಿಯಾರಗಾರ ಕಾದಾನ್ ಊರಿನ ಮಿಕುಲಾಶ್, ಲೆಕ್ಕದಲ್ಲಿ ಜೊತೆಗಿದ್ದವರು ಖಗೋಳಜ್ಞ ಯಾನ್ ಶಿಂಡೆಲ್ ಅಂತ ಹೇಳ್ತಾರೆ. ಹನುಷ್ ಅನ್ನೋ ಕುಶಲಕರ್ಮಿ ಇದನ್ನ ಮಾಡಿದ, ಇನ್ನೊಂದು ಮಾಡಬಾರದು ಅಂತ ಅವನ ಕಣ್ಣು ಕೀಳಿಸಿದರು ಅನ್ನೋ ಕಥೆ ಬರೀ ದಂತಕಥೆ.

ಈಗ ಮೇಲಿನ ಮುಖ ನೋಡಿ. ನಡುವಿನ ನೀಲಿ ವೃತ್ತ ಭೂಮಿ. ಮೇಲಿನ ನೀಲಿ ಹಗಲು, ಕೆಳಗಿನ ಕಪ್ಪು ರಾತ್ರಿ, ನಡುವಿನ ಕಂದು ಬಣ್ಣ ಸಂಧ್ಯೆ. ಮುಳ್ಳಿನ ತುದಿಯ ಚಿನ್ನದ ಕೈ ತೋರಿಸೋ ರೋಮನ್ ಅಂಕಿ ಮಾಮೂಲಿ ಸಮಯ. ಬೇಸಿಗೆಯಲ್ಲಿ ಅದಕ್ಕೆ ಒಂದು ಗಂಟೆ ಸೇರಿಸಿ, ಯಾಕಂದ್ರೆ ಯುರೋಪ್ ಗಡಿಯಾರ ಮುಂದೆ ಇಟ್ಟರೂ ಈ ಮುಖ ಚಳಿಗಾಲದ ಸಮಯದಲ್ಲೇ ಇರುತ್ತೆ.

ಹೊರಗಿನ ಕಪ್ಪು ಬಳೆಯಲ್ಲಿ ಚಿನ್ನದ ಅಂಕಿಗಳಿವೆ, 1ರಿಂದ 24. ಇದು ಹಳೇ ಚೆಕ್ ಸಮಯ. ಇಲ್ಲಿ ದಿನ ಶುರುವಾಗೋದು ಸೂರ್ಯಾಸ್ತಕ್ಕೆ. ಸೂರ್ಯಾಸ್ತ ಬದಲಾದ ಹಾಗೆ ಬಳೆಯೂ ವರ್ಷವಿಡೀ ಸರೀತಾ ಇರುತ್ತೆ. ಕೈ 20ರ ಮೇಲಿದ್ರೆ ಕತ್ತಲಾಗೋಕೆ ಇನ್ನು ನಾಲ್ಕು ಗಂಟೆ ಇದೆ ಅಂತರ್ಥ. ಊರ ಬಾಗಿಲು ಮುಚ್ಚೋ ಮುಂಚೆ ಮನೆ ಸೇರಬೇಕಾದವರಿಗೆ ಇದಕ್ಕಿಂತ ಉಪಯೋಗದ ಲೆಕ್ಕ ಯಾವುದು!

ನೀಲಿ ಭಾಗದ ಬಾಗಿದ ಚಿನ್ನದ ಗೆರೆಗಳು ಹಗಲನ್ನ ಹನ್ನೆರಡು ಪಾಲು ಮಾಡುತ್ತವೆ. ನಮ್ಮ ಪಂಚಾಂಗದಲ್ಲಿ ಹಗಲನ್ನ ಎಂಟು ಪಾಲು ಮಾಡಿ ರಾಹುಕಾಲ ತೆಗೀತಾರಲ್ಲ, ಅದೇ ತತ್ವ. ಬೆಂಗಳೂರಲ್ಲಿ ಹಗಲಿನ ಅಳತೆ ಹೆಚ್ಚು ಬದಲಾಗಲ್ಲ, ಹಾಗಾಗಿ ಒಂದೂವರೆ ಗಂಟೆ ಅಂತ ಲೆಕ್ಕ ಹಿಡಿದ್ರೂ ನಡೆಯುತ್ತೆ. ಪ್ರಾಗ್‌ನಲ್ಲಿ ಹಾಗಾಗಲ್ಲ. ಜೂನ್‌ನಲ್ಲಿ ಒಂದು ಪಾಲು ಸುಮಾರು 80 ನಿಮಿಷ, ಡಿಸೆಂಬರ್‌ನಲ್ಲಿ ಸುಮಾರು 40.

ಓರೆಯಾಗಿ ಕೂತಿರೋ ರಾಶಿಚಕ್ರ ನೋಡಿ ನಮ್ಮವರು ಗೊಂದಲಕ್ಕೆ ಬೀಳೋದುಂಟು. ಇದು ಸಾಯನ ಲೆಕ್ಕ, ಅಂದ್ರೆ ರಾಶಿಗಳನ್ನ ನಮ್ಮ ಹಾಗೆ ನಕ್ಷತ್ರಗಳಿಂದಲ್ಲ, ಋತುಗಳಿಂದ ಎಣಿಸೋದು. ಇಲ್ಲಿ ಸೂರ್ಯ ಮಕರಕ್ಕೆ ಬರೋದು ಡಿಸೆಂಬರ್ 21ರ ಆಸುಪಾಸು, ನಮ್ಮ ಸಂಕ್ರಾಂತಿಗಿಂತ ಮೂರು ವಾರಕ್ಕೂ ಹೆಚ್ಚು ಮೊದಲು.

ಇಷ್ಟನ್ನೂ ನಡೆಸೋದು ಮುಖ್ಯವಾಗಿ ಮೂರು ದೊಡ್ಡ ಚಕ್ರಗಳು. ರಾಶಿಚಕ್ರದ್ದಕ್ಕೆ 365 ಹಲ್ಲು, ಸೂರ್ಯನದ್ದಕ್ಕೆ 366, ಚಂದ್ರನದ್ದಕ್ಕೆ 379. ಆ ಒಂದು ಹಲ್ಲಿನ ವ್ಯತ್ಯಾಸದಿಂದಲೇ ಸೂರ್ಯ ದಿನಾ ಚೂರು ಹಿಂದೆ ಬಿದ್ದು, ವರ್ಷಕ್ಕೆ ರಾಶಿಚಕ್ರವನ್ನ ಒಂದು ಸುತ್ತು ಹಾಕ್ತಾನೆ. ಅರ್ಧ ಬೆಳ್ಳಿ, ಅರ್ಧ ಕಪ್ಪಿನ ಚಂದ್ರಗೋಳದ ಒಳಗೆ ಒಂದು ತೂಕ, 57 ಹಲ್ಲಿನ ಚಕ್ರ ಇವೆ. ಚಂದ್ರನ ಮುಳ್ಳು ಒಂದು ಸುತ್ತು ಬಂದ್ರೆ ಎರಡು ಹಲ್ಲು ಸರಿದು, ಚಂದ್ರ ತಾನೇ ಬೆಳೀತಾನೆ, ತಾನೇ ಕ್ಷಯಿಸ್ತಾನೆ.

ಕೆಳಗಿನದು ತಿಂಗಳುಗಳ ಚಿತ್ರ ಇರೋ ಕ್ಯಾಲೆಂಡರ್ ಫಲಕ. ಚಿತ್ರಕಾರ ಯೋಸೆಫ್ ಮಾನೆಸ್. ಇಲ್ಲಿರೋದು ನಕಲು.

ಸರಿ, ಒಳಗೆ. ಊರಿಗೆ ಪುರಸಭೆ ಕಟ್ಟಿಕೊಳ್ಳೋ ಹಕ್ಕು ಸಿಕ್ಕಿದ್ದು 1338ರಲ್ಲಿ. ಆಮೇಲೆ ಪಕ್ಕದ ಮನೆ ಒಂದೊಂದೇ ಕೊಂಡು ಸೇರಿಸ್ತಾ ಬಂದ್ರು, ಹಾಗಾಗಿ ಮುಂಭಾಗದಲ್ಲಿ ಒಂದು ತುಂಡಿನ ಹಾಗೆ ಇನ್ನೊಂದಿಲ್ಲ. ಮೊದಲು ನೆಲಮಾಳಿಗೆಗೆ ಇಳಿಯಿರಿ. ಇವು ಹಿಂದೊಮ್ಮೆ ನೆಲಮಟ್ಟದ ಕೋಣೆಗಳು. ವ್ಲ್‌ತಾವಾ ನದಿಯ ನೆರೆಯಿಂದ ತಪ್ಪಿಸಿಕೊಳ್ಳೋಕೆ ಊರಿಗೇ ಮಣ್ಣು ತುಂಬಿ ಎತ್ತರಿಸಿದಾಗ ಇವು ಕೆಳಗೆ ಉಳಿದವು. ಇಲ್ಲಿ ತಂಪು ಜಾಸ್ತಿ, ಒಂದು ಸ್ವೆಟರ್ ಇರಲಿ.

ಆಮೇಲೆ 1381ರ ಚಾಪೆಲ್. ಇಲ್ಲಿಂದ ಆ ಅಪೊಸ್ತಲರನ್ನ ಹಿಂದಿನಿಂದ, ತೀರ ಹತ್ತಿರದಿಂದ ನೋಡಬಹುದು. 1945ರ ಮೇ 8ರಂದು, ಯುದ್ಧದ ಕಡೇ ಗಳಿಗೆಯಲ್ಲಿ ಕಟ್ಟಡ ಹೊತ್ತಿ ಉರಿದಾಗ ಹಳೇ ಬೊಂಬೆಗಳು ಹೋದವು. ಈಗಿನವನ್ನ ಕೆತ್ತಿದ್ದು ವೊಯ್ತ್ಯೆಖ್ ಸುಖಾರ್ದಾ, ಗಡಿಯಾರ ಮತ್ತೆ ಓಡಿದ್ದು 1948ರಲ್ಲಿ. ಪೂರ್ವದ ದೊಡ್ಡ ಭಾಗವನ್ನ ಮಾತ್ರ ಮತ್ತೆ ಕಟ್ಟಲೇ ಇಲ್ಲ. ಹೊರಗೆ ಗೋಪುರದ ಪಕ್ಕ ಥಟ್ಟನೆ ಮುರಿದು ನಿಂತ ಗೋಡೆ ಅದರದ್ದೇ. ಅಲ್ಲೇ ನೆಲದಲ್ಲಿ 27 ಶಿಲುಬೆಗಳಿವೆ, 1621ರ ಜೂನ್ 21ರಂದು ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ವಿರುದ್ಧ ಎದ್ದ ದಂಗೆಯ ಮುಖಂಡರನ್ನ ಗಲ್ಲಿಗೇರಿಸಿದ, ತಲೆ ಕಡಿದ ಜಾಗ. ತುಳಿದುಕೊಂಡು ಹೋಗ್ತಿರೋರಿಗೆ ಗೊತ್ತೇ ಇರಲ್ಲ, ನೋಡಿಕೊಂಡು ನಡೀರಿ.

ಸಭಾಂಗಣಗಳಲ್ಲಿ ಈಗಲೂ ಮದುವೆಗಳು ನಡೆಯುತ್ತವೆ. ಆಗ ಕೆಲವು ಕೋಣೆ ಮುಚ್ಚಿರಬಹುದು, ಟಿಕೆಟ್ ತಗೊಳ್ಳೋ ಮುಂಚೆ ಕೇಳಿಬಿಡಿ.

ಗೋಪುರ 1364ರದ್ದು, ಎತ್ತರ ಸುಮಾರು 70 ಮೀಟರ್, ಲಿಫ್ಟ್ ಇದೆ. ಮೊಣಕಾಲು ನೋವಿರೋ ಅಪ್ಪ-ಅಮ್ಮನನ್ನೂ ಧೈರ್ಯವಾಗಿ ಕರ್ಕೊಂಡು ಹೋಗಿ. ಮೇಲೆ ಸುತ್ತಲೂ ನಡೆದು ನೋಡೋ ದಾರಿ ಕಿರಿದು, ಟ್ರೈಪಾಡ್ ಬಿಡಿಸೋ ಜಾಗ ಅಲ್ಲ. ಟೀನ್ ಚರ್ಚ್ ಇರೋದು ಪೂರ್ವಕ್ಕೆ, ಅದರ ಮುಖಕ್ಕೆ ಬಿಸಿಲು ಬೀಳೋದು ಮಧ್ಯಾಹ್ನದ ಮೇಲೆ. ಪ್ರಾಗ್ ಕೋಟೆ ವಾಯವ್ಯಕ್ಕೆ, ಅದಕ್ಕೆ ಬೆಳಗಿನ ಬೆಳಕೇ ಚೆಂದ. ಒಂದೇ ಸಲ ಹತ್ತೋದಾದ್ರೆ ಸಂಜೆ ಹತ್ತಿ.