ಸ್ಟುಡಿಯೊ ಕಂಪ್ಯೂಟರಿಗೆ ಎಂಥ ಡಿಸ್ಕ್, ಎಂಥ ರೇಡ್?

ಕೇಳುಗರೆಲ್ಲರಿಗೂ ನಮಸ್ಕಾರ. ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಫೋಟೊ ಸ್ಟುಡಿಯೊ ನಡೆಸುವವರಿಗೆಂದೇ ಇವತ್ತಿನ ಮಾತು. ಮದುವೆ ಸೀಸನ್ ಬಂತೆಂದರೆ ನಿಮ್ಮ ಕಂಪ್ಯೂಟರಿನಲ್ಲಿ ವಿಡಿಯೊ ರಾಶಿ ಬೀಳುತ್ತದೆ. ಅದು ಕಳೆದರೆ ಅಕ್ಕಿಕಾಳು ಬಿದ್ದ ಆ ಗಳಿಗೆ ಮತ್ತೆ ಸಿಗುವುದಿಲ್ಲ. ನಂಬಿ ಕೊಟ್ಟ ಮನೆಯವರಿಗೆ ಏನು ಹೇಳುವುದು?

ಡಿಸ್ಕ್ ಜೋಡಿಸಲು ಈಗ ಹೆಚ್ಚಾಗಿ ಇರುವ ದಾರಿ ಎರಡು: ಸಾಟಾ ಮತ್ತು ಎನ್‌ವಿಎಂಇ. ಈಗಿನ ಸಾಟಾದಲ್ಲಿ ಸೆಕೆಂಡಿಗೆ ಸುಮಾರು 550 ಎಂಬಿ ಸಾಗುತ್ತದೆ. ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ ಕೊಡುವುದೇ 200ರ ಆಸುಪಾಸು. ಹಾಗಾಗಿ ಅದಕ್ಕೆ ಸಾಟಾ ಧಾರಾಳ ಸಾಕು. ಎನ್‌ವಿಎಂಇ ಇದಕ್ಕಿಂತ ಎಷ್ಟೋ ವೇಗ. ಎಡಿಟಿಂಗ್ ಮಾಡುವ ಡಿಸ್ಕ್ ಮಾತ್ರ ಎನ್‌ವಿಎಂಇ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಚಿಪ್ ಡಿಸ್ಕ್, ಇರಲಿ. ಕೊಳ್ಳುವಾಗ ಹುಷಾರು, ಎಂ.2 ಅಂತ ಬರೆದದ್ದೆಲ್ಲ ಎನ್‌ವಿಎಂಇ ಅಲ್ಲ, ಅದು ಬರೀ ಆಕಾರದ ಹೆಸರು. ಆ ಆಕಾರದಲ್ಲಿ ಸಾಟಾ ಕೂಡ ಬರುತ್ತದೆ.

ಇನ್ನು ರೇಡ್. ಹಲವು ಅಗ್ಗದ ಡಿಸ್ಕುಗಳನ್ನು ಒಂದಾಗಿ ದುಡಿಸುವ ಈ ವಿಚಾರಕ್ಕೆ ಹೆಸರು, ಲೆಕ್ಕ ಕೊಟ್ಟವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್, 1988ರಲ್ಲಿ. ರೇಡ್ 0 ಫೈಲನ್ನು ತುಂಡು ಮಾಡಿ ಎಲ್ಲ ಡಿಸ್ಕಿಗೂ ಹಂಚಿ ವೇಗ ಕೊಡುತ್ತದೆ. ಆದರೆ ಒಂದು ಡಿಸ್ಕ್ ಕೆಟ್ಟರೆ ಎಲ್ಲವೂ ಹೋಯಿತು. ಮದುವೆ ಫೈಲ್ ಇಡಲು ಅದು ಬೇಡವೇ ಬೇಡ.

ಜಾಗ ಉಳಿಯುತ್ತದೆ ಅಂತ ಹಲವರು ರೇಡ್ 5 ಹಾಕಿಸುತ್ತಾರೆ. ಕನಿಷ್ಠ ಮೂರು ಡಿಸ್ಕ್ ಬೇಕು. ಒಂದು ಕೆಟ್ಟರೆ ಉಳಿದವುಗಳಿಂದ ಲೆಕ್ಕ ಹಾಕಿ ಅದರ ಮಾಹಿತಿಯನ್ನು ಮರಳಿ ಕಟ್ಟಬಹುದು. ಒಳ್ಳೆಯದೇ ಅಲ್ವಾ? ಆದರೆ ಕಟ್ಟುವ ಹೊತ್ತನ್ನು ಯೋಚಿಸಿ. 8 ಟಿಬಿ ಡಿಸ್ಕನ್ನು ಸೆಕೆಂಡಿಗೆ 200 ಎಂಬಿಯಂತೆ ತುಂಬಿದರೂ 11 ತಾಸು ಹಿಡಿಯುತ್ತದೆ. ನಡುವೆ ಕೆಲಸ ಮಾಡಿದರೆ ಇನ್ನೂ ಜಾಸ್ತಿ. ಅಷ್ಟು ಹೊತ್ತೂ ಉಳಿದ ಡಿಸ್ಕುಗಳು ಬಿಡುವಿಲ್ಲದೆ ಓದಿಸಿಕೊಳ್ಳುತ್ತವೆ. ಅವೂ ಅದೇ ದಿನ ಕೊಂಡವು, ಅಷ್ಟೇ ಸವೆದವು. ಮೇಲೆ ನಮ್ಮ ಮೇ ತಿಂಗಳ ಧಗೆ. ಆಗ ಇನ್ನೊಂದು ಕೈಕೊಟ್ಟರೆ ಮುಗಿಯಿತು. ಸಣ್ಣ ಸ್ಟುಡಿಯೊಗೆ ನಾನು ಹೇಳುವುದು ರೇಡ್ 1. ಎರಡು ಡಿಸ್ಕ್, ಎರಡರಲ್ಲೂ ಅದೇ ಫೈಲು. ಅರ್ಧ ಜಾಗ ಹೋದರೂ ಪರವಾಗಿಲ್ಲ. ಕೊಳ್ಳುವಾಗ ಸಿಎಂಆರ್ ಡಿಸ್ಕನ್ನೇ ಕೇಳಿ, ಅಂದರೆ ತಟ್ಟೆಯ ಮೇಲೆ ಬರೆಯುವ ಗೆರೆಗಳು ಪಕ್ಕಪಕ್ಕ ಇರುವಂಥದ್ದು. ಗೆರೆಗಳು ಒಂದರ ಮೇಲೊಂದು ಸ್ವಲ್ಪ ಹಾಸಿರುವ ಎಸ್‌ಎಂಆರ್ ಆದರೆ ಮರಳಿ ಕಟ್ಟುವಾಗ ತುಂಬಾ ನಿಧಾನವಾಗುತ್ತದೆ. ಕರೆಂಟ್ ಹೋಗುವ ಊರಲ್ಲಿ ಯುಪಿಎಸ್ ಕೂಡ ಬೇಕು.

ರೇಡ್ ಇದೆ, ಇನ್ನು ಬ್ಯಾಕಪ್ ಯಾಕೆ ಅನ್ನಬೇಡಿ. ಕೈತಪ್ಪಿ ಫೈಲ್ ಅಳಿಸಿದರೆ ಎರಡೂ ಡಿಸ್ಕಿನಲ್ಲಿ ಆ ಕ್ಷಣವೇ ಅಳಿಯುತ್ತದೆ. ವೈರಸ್ ಬಂದರೂ ಅಷ್ಟೇ. ಪ್ರತಿ ಶೂಟ್ ಮುಗಿದ ರಾತ್ರಿ ಮೂರನೇ ಡಿಸ್ಕಿಗೆ ನಕಲು ಮಾಡಿ, ತಂತಿ ಬಿಚ್ಚಿ ಮನೆಗೆ ಒಯ್ಯಿರಿ. ತಿಂಗಳಿಗೊಮ್ಮೆ ಅದರಿಂದ ನಾಲ್ಕಾರು ಫೈಲ್ ತೆರೆದು ನೋಡಿ. ಒಂದು ತೆರೆಯದಿದ್ದರೂ ಅವತ್ತೇ ಬೇರೆ ಡಿಸ್ಕಿಗೆ ಹೊಸ ನಕಲು ಮಾಡಿಕೊಳ್ಳಿ. ನಮಸ್ಕಾರ.