ರಕ್ತದಲ್ಲಿ ಪಿಎಫ್‌ಓಎಸ್: ವರದಿಯ ಸಂಖ್ಯೆಯನ್ನು ಓದುವ ಬಗೆ

ಕೇಳುಗರಿಗೆ ನಮಸ್ಕಾರ.

ಪರ್‌ಫ್ಲೋರೋಆಕ್ಟೇನ್ ಸಲ್ಫೋನಿಕ್ ಆಮ್ಲ. ಉದ್ದನೆಯ ಹೆಸರು, ಹಾಗಾಗಿ ಎಲ್ಲರೂ ಪಿಎಫ್‌ಓಎಸ್ ಎನ್ನುತ್ತಾರೆ. ಎಂಟು ಕಾರ್ಬನ್ನಿನ ಸರಪಳಿ, ಅದರ ಮೈತುಂಬ ಹದಿನೇಳು ಫ್ಲೋರಿನ್, ಒಂದು ತುದಿಗೆ ಗಂಧಕದ ಸಲ್ಫೋನೇಟ್ ಗುಂಪು. ಇದು ಪೂರ್ತಿಯಾಗಿ ಕಾರ್ಖಾನೆಯ ಸೃಷ್ಟಿ. ನೀರನ್ನೂ ಎಣ್ಣೆಯನ್ನೂ ಹತ್ತಿರ ಸೇರಿಸದ ಗುಣಕ್ಕಾಗಿ ಇದನ್ನೂ ಇದರ ಬಳಗದವನ್ನೂ ರತ್ನಗಂಬಳಿ, ಬಟ್ಟೆ, ಆಹಾರ ಸುತ್ತುವ ಕಾಗದಗಳಿಗೆ ಬಳಸಿದರು. ಕ್ರೋಮ್ ಲೇಪನದ ತೊಟ್ಟಿಗಳಿಗೂ, ಇಂಧನದ ಬೆಂಕಿ ಆರಿಸುವ ನೊರೆಗೂ ಹಾಕಿದರು. ಮುಖ್ಯ ತಯಾರಕರಾದ ಅಮೆರಿಕದ ಥ್ರೀಎಂ ಕಂಪನಿ 2000ದಲ್ಲಿ ಉತ್ಪಾದನೆ ನಿಲ್ಲಿಸುವುದಾಗಿ ಘೋಷಿಸಿತು. 2009ರಲ್ಲಿ, ಬಹುಕಾಲ ಉಳಿಯುವ ಮಾಲಿನ್ಯಕಾರಕಗಳ ಬಗೆಗಿನ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದ ಇದನ್ನು ನಿರ್ಬಂಧಿತ ರಸಾಯನಗಳ ಪಟ್ಟಿಗೆ ಸೇರಿಸಿತು.

ತಯಾರಿಕೆ ಕಡಿಮೆಯಾದರೂ ಅದು ರಕ್ತದಲ್ಲಿ ಇನ್ನೂ ಸಿಗುತ್ತದೆ. ಕಾರ್ಬನ್–ಫ್ಲೋರಿನ್ ಬಂಧವನ್ನು ಮುರಿಯಬಲ್ಲ ಕಿಣ್ವ ನಮ್ಮ ದೇಹದಲ್ಲಿಲ್ಲ. ಡಿಡಿಟಿಯಂತೆ ಕೊಬ್ಬಿನಲ್ಲಿ ಕೂರದೆ, ಇದು ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಯಕೃತ್ತಿನಲ್ಲಿ ಸೇರಿಕೊಳ್ಳುತ್ತದೆ. ಪಿತ್ತರಸದೊಂದಿಗೆ ಕರುಳಿಗೆ ಇಳಿದದ್ದು ಅಲ್ಲಿಂದ ಮತ್ತೆ ರಕ್ತಕ್ಕೆ ಸೇರುತ್ತದೆ, ಮೂತ್ರದಲ್ಲಿ ಹೋಗುವುದು ಅತ್ಯಲ್ಪ. ಒಳಗೆ ಸೇರಿದ್ದರಲ್ಲಿ ಅರ್ಧ ಹೊರಹೋಗಲು ಸುಮಾರು ಮೂರರಿಂದ ಐದು ವರ್ಷ ಹಿಡಿಯುತ್ತದೆ, ಇದನ್ನೇ ಅರ್ಧಾಯು ಎನ್ನುತ್ತಾರೆ.

ಇನ್ನು ಅಳೆಯುವ ಕೆಲಸ. ಫಲಿತಾಂಶ ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. 50ರಿಂದ 100 ಮೈಕ್ರೋಲೀಟರ್ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಸಾಕು. ಮೊದಲು ಅದಕ್ಕೆ ಕಾರ್ಬನ್-13 (ತುಸು ಭಾರದ ಕಾರ್ಬನ್) ಇರುವ ಪಿಎಫ್‌ಓಎಸ್ ಅನ್ನು ಗೊತ್ತಾದ ಪ್ರಮಾಣದಲ್ಲಿ ಸೇರಿಸಬೇಕು. ಮುಂದಿನ ಹಂತಗಳಲ್ಲಿ ಎಷ್ಟು ನಷ್ಟವಾದರೂ ಎರಡಕ್ಕೂ ಒಂದೇ ಪ್ರಮಾಣದಲ್ಲಿ ಆಗುವುದರಿಂದ ಲೆಕ್ಕ ಸರಿಹೋಗುತ್ತದೆ. ಆಮೇಲೆ ಅಸಿಟೋನೈಟ್ರೈಲ್ ಎಂಬ ದ್ರಾವಕ ಹಾಕಿದರೆ ಪ್ರೋಟೀನ್ ಗರಣೆಗಟ್ಟುತ್ತದೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು, ವಸ್ತುಗಳನ್ನು ಕಾಲಮ್ ಎಂಬ ಕೊಳವೆಯಲ್ಲಿ ಬೇರ್ಪಡಿಸುವ ಲಿಕ್ವಿಡ್ ಕ್ರೊಮೆಟೋಗ್ರಾಫ್ ಮೂಲಕ, ಅಣುಗಳ ದ್ರವ್ಯರಾಶಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕಳಿಸುತ್ತಾರೆ.

ಯಂತ್ರ ಹುಡುಕುವುದು 499 ದ್ರವ್ಯರಾಶಿಯ ಅಯಾನನ್ನು (ವಿದ್ಯುದಾವೇಶದ ಪಿಎಫ್‌ಓಎಸ್ ಕಣವನ್ನು), ಅದು ಒಡೆದಾಗ ಸಿಗುವ 80 ಮತ್ತು 99ರ ತುಣುಕುಗಳನ್ನು. ತೊಡಕು ಏನೆಂದರೆ, ಪಿತ್ತರಸದ ಟಾರೋಡಿಆಕ್ಸಿಕೋಲಿಕ್ ಆಮ್ಲವೂ 499ರಲ್ಲೇ ಕಾಣಿಸಿಕೊಂಡು 80ರ ತುಣುಕನ್ನೇ ಕೊಡುತ್ತದೆ. ಕಾಲಮ್ಮಿನಲ್ಲಿ ಎರಡನ್ನೂ ಬೇರ್ಪಡಿಸದೆ ಬರೀ 80ನ್ನು ನಂಬಿದರೆ ಇಲ್ಲದ ಪಿಎಫ್‌ಓಎಸ್ ವರದಿಯಲ್ಲಿ ಬರುತ್ತದೆ. ಆದ್ದರಿಂದ 99ರ ತುಣುಕನ್ನೂ ತಾಳೆ ನೋಡಲೇಬೇಕು. ಹಳೆಯ ವಿಧಾನದಲ್ಲಿ ತಯಾರಾದ ಪಿಎಫ್‌ಓಎಸ್‌ನಲ್ಲಿ ಸುಮಾರು ಶೇ. 70 ನೇರ ಸರಪಳಿ, ಉಳಿದದ್ದು ಕವಲೊಡೆದದ್ದು. ಕವಲಿನವು ಕಾಲಮ್ಮಿನಿಂದ ಸ್ವಲ್ಪ ಮೊದಲೇ ಹೊರಬರುತ್ತವೆ. ಅವನ್ನು ಕೂಡಿಸದೆ ನೇರದ್ದನ್ನು ಮಾತ್ರ ಎಣಿಸಿದರೆ ಸಂಖ್ಯೆ ತಗ್ಗುತ್ತದೆ. ಮಾದರಿ ಇಡುವ ಕೊಳವೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದ್ದೇ ಆಗಿರಲಿ, ಗಾಜಿನ ಗೋಡೆಗೆ ಪಿಎಫ್‌ಓಎಸ್ ಅಂಟುತ್ತದೆ. ಟೆಫ್ಲಾನ್ ಒಳಪದರದ ಮುಚ್ಚಳ ಬೇಡ. ಪ್ರತಿ ಸಲದ ಮಾದರಿಗಳ ಜೊತೆ ರಕ್ತವಿಲ್ಲದ ಒಂದು ಖಾಲಿ ಮಾದರಿಯೂ ಓಡಬೇಕು.

ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಅದು ಸೀರಮ್ಮೋ ಇಡೀ ರಕ್ತವೋ ಎಂಬುದು. ಕೆಂಪು ಕಣಗಳಲ್ಲಿ ಪಿಎಫ್‌ಓಎಸ್ ಅಷ್ಟಾಗಿ ಇರುವುದಿಲ್ಲ. ಬೆರಳು ಚುಚ್ಚಿ ತೆಗೆದ ಇಡೀ ರಕ್ತದ ಅಂಕಿ ಸೀರಮ್ಮಿನ ಅಂಕಿಯ ಸರಿಸುಮಾರು ಅರ್ಧ. ಇದು ತಿಳಿಯದೆ ಒಂದನ್ನು ಇನ್ನೊಂದಕ್ಕೆ ಹೋಲಿಸಿ ಸಮಾಧಾನಪಟ್ಟುಕೊಳ್ಳುವವರೂ ಇದ್ದಾರೆ, ಗಾಬರಿಯಾಗುವವರೂ ಇದ್ದಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ 1999–2000ರ ಸರಾಸರಿ ಮಿಲಿಲೀಟರಿಗೆ ಸುಮಾರು 30 ನ್ಯಾನೋಗ್ರಾಂ ಇತ್ತು, 2017–18ಕ್ಕೆ ನಾಲ್ಕರ ಆಸುಪಾಸಿಗೆ ಇಳಿಯಿತು. ಮೂಲ ಮುಚ್ಚಿದರೆ ರಕ್ತ ತಿಳಿಯಾಗುತ್ತದೆ ಎನ್ನಲು ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. ಅಲ್ಲಿನ ರಾಷ್ಟ್ರೀಯ ಅಕಾಡೆಮಿಗಳು 2022ರಲ್ಲಿ ವೈದ್ಯರಿಗೆ ಕೊಟ್ಟ ಸಲಹೆಯಲ್ಲಿ, ಈ ಬಳಗದ ಏಳು ರಸಾಯನಗಳ ಮೊತ್ತ ಮಿಲಿಲೀಟರಿಗೆ ಎರಡು ನ್ಯಾನೋಗ್ರಾಮಿಗಿಂತ ಕಡಿಮೆಯಿದ್ದರೆ ತೊಂದರೆ ನಿರೀಕ್ಷಿತವಲ್ಲ. ಎರಡರಿಂದ ಇಪ್ಪತ್ತರೊಳಗಿದ್ದರೆ ಕೊಲೆಸ್ಟರಾಲ್ ಮತ್ತು ಗರ್ಭಿಣಿಯರ ರಕ್ತದೊತ್ತಡದ ಮೇಲೆ ಕಣ್ಣಿಡಬೇಕು. ಇಪ್ಪತ್ತು ದಾಟಿದರೆ ಥೈರಾಯ್ಡ್, ಮೂತ್ರಪಿಂಡಗಳನ್ನೂ ಗಮನಿಸಬೇಕು. ಆ ಸಂಖ್ಯೆ ಅಪಾಯದ ಅಂದಾಜು ಮಾತ್ರ, ರೋಗದ ಹೆಸರು ಅದರಲ್ಲಿ ಇರುವುದಿಲ್ಲ.

ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುವುದು ದಂಡ. ಅರ್ಧಾಯು ನಾಲ್ಕು ವರ್ಷವೆಂದು ಹಿಡಿದರೆ ವರ್ಷಕ್ಕೆ ಇಳಿಯುವುದು ಶೇ. 16ರಷ್ಟು, ಅಳತೆಯ ಏರುಪೇರೇ ಅಷ್ಟಿರಬಹುದು. ಎರಡು ವರ್ಷ ಬಿಟ್ಟು, ಅದೇ ಪ್ರಯೋಗಾಲಯದಲ್ಲಿ, ಅದೇ ಬಗೆಯ ಮಾದರಿಯಿಂದ ಮಾಡಿಸಿ. ಆಸ್ಟ್ರೇಲಿಯಾದಲ್ಲಿ 285 ಅಗ್ನಿಶಾಮಕ ಸಿಬ್ಬಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಒಂದು ವರ್ಷ ರಕ್ತ ಅಥವಾ ಪ್ಲಾಸ್ಮಾ (ರಕ್ತಕಣಗಳಿಲ್ಲದ ರಕ್ತದ್ರವ) ಕೊಟ್ಟವರಲ್ಲಿ ಮಟ್ಟ ಇಳಿಯಿತು, ಪ್ಲಾಸ್ಮಾ ಕೊಟ್ಟವರಲ್ಲಿ ಇನ್ನೂ ಹೆಚ್ಚು. ಹಾಗೆಂದು ವೈದ್ಯರನ್ನು ಕೇಳದೆ ಯಾರೂ ಈ ದಾರಿ ಹಿಡಿಯಬಾರದು.

ನಿಮ್ಮ ಕೈಯಲ್ಲಿರುವುದು ಕುಡಿಯುವ ನೀರು. ಕಲುಷಿತ ನೀರನ್ನು ಕುದಿಸಿದರೆ ನೀರು ಆವಿಯಾಗುತ್ತದೆ, ಪಿಎಫ್‌ಓಎಸ್ ಉಳಿಯುತ್ತದೆ, ಅಂದರೆ ಇನ್ನಷ್ಟು ಸಾಂದ್ರವಾಗುತ್ತದೆ. ರಿವರ್ಸ್ ಆಸ್ಮೋಸಿಸ್ ಪೊರೆ ಇದನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಅದರ ತ್ಯಾಜ್ಯ ನೀರಿನಲ್ಲಿ ಇದು ಒಟ್ಟುಗೂಡುತ್ತದೆ, ಆ ನೀರನ್ನು ತರಕಾರಿ ಪಾತಿಗೆ ಬಿಡಬೇಡಿ. ಸಕ್ರಿಯ ಇಂಗಾಲದ ಶೋಧಕವೂ ಹಿಡಿದಿಡುತ್ತದೆ, ಇಂಗಾಲ ತುಂಬುವವರೆಗೆ. ತುಂಬಿದ ಮೇಲೆ ನೀರಿನ ರುಚಿ ಬಣ್ಣ ಬದಲಾಗದೆಯೇ ಪಿಎಫ್‌ಓಎಸ್ ದಾಟಿ ಬರುತ್ತದೆ. ಹಾಗಾಗಿ ಕಾರ್ಟ್ರಿಜ್ ಬದಲಿಸುವ ದಿನವನ್ನು ಹರಿದ ಲೀಟರುಗಳ ಲೆಕ್ಕದಿಂದಲೇ ತೀರ್ಮಾನಿಸಬೇಕು.