ನಿಮ್ಮ ತಾಲೂಕು ಪಂಚಾಯಿತಿ ಮೆಂಬರ್ ಯಾರು?

ಕೇಳುಗರಿಗೆ ನಮಸ್ಕಾರ. ನಿಮ್ಮ ತಾಲೂಕು ಪಂಚಾಯಿತಿ ಮೆಂಬರ್ ಯಾರು, ಥಟ್ಟಂತ ಹೇಳಿ ನೋಡೋಣ. ಹೆಸರು ಬರಲಿಲ್ಲ ಅಲ್ವಾ? ಮರೆವು ಅಂತ ಬೇಜಾರಾಗಬೇಡಿ. 2021ರಲ್ಲಿ ಅವಧಿ ಮುಗಿದು ಅವರು ಮನೆಗೆ ಹೋದ ಮೇಲೆ ಆ ಜಾಗಕ್ಕೆ ವರ್ಷಗಟ್ಟಲೆ ಯಾರೂ ಬರಲಿಲ್ಲ.

ಅದು ನನಗೆ ತಟ್ಟಿದ್ದು ಒಂದು ಮಳೆಗಾಲದಲ್ಲಿ. ನಮ್ಮೂರ ಶಾಲೆಯ ಹೆಂಚು ಸೋರುತ್ತಿತ್ತು. ಒಂದನೇ ಕ್ಲಾಸಿನ ಮಕ್ಕಳು ಚಾಪೆ ಸುತ್ತಿಕೊಂಡು ಜಗಲಿಗೆ ಬಂದರೆ, ಒಳಗೆ ಬಿಸಿಯೂಟದ ಎರಡು ಬಕೆಟ್ ನೀರು ಹಿಡಿಯುವ ಕೆಲಸಕ್ಕೆ ನಿಂತಿದ್ದವು. ನಮ್ಮಣ್ಣ ಎಸ್‌ಡಿಎಂಸಿ, ಅಂದರೆ ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿಯ ಅಧ್ಯಕ್ಷ. ಅರ್ಜಿ ಬರೆದು, ನನ್ನನ್ನೂ ಬೈಕ್ ಹಿಂದೆ ಕೂರಿಸಿಕೊಂಡು ಹೊರಟ. ಗ್ರಾಮ ಪಂಚಾಯಿತಿಯಲ್ಲಿ ಇದು ನಮ್ಮ ಕೈಲಿಲ್ಲ, ತಾಲೂಕಿಗೆ ಹೋಗಿ ಅಂದರು. ತಾಲೂಕಿನಲ್ಲಿ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಕಾಯುತ್ತಾ ಕೂತಾಗ ಗೋಡೆ ಮೇಲೆ ನೀಲಿ ಹಲಗೆ ಕಂಡಿತು, ಇಲ್ಲಿವರೆಗಿನ ಅಧ್ಯಕ್ಷರ ಹೆಸರುಗಳು. ಕೊನೆಯ ಹೆಸರಿನ ಕೆಳಗೆ ಒಂದು ಮೊಳ ಖಾಲಿ. ಅಧ್ಯಕ್ಷರ ಕೊಠಡಿಯಲ್ಲಿ ಹಳೇ ಫೈಲು, ಕೆಟ್ಟ ಪ್ರಿಂಟರು. ಅಟೆಂಡರ್ ಹೇಳಿದ ಮಾತು ಇನ್ನೂ ನೆನಪಿದೆ: "ಮೊದಲಾಗಿದ್ರೆ ಮೆಂಬರಿಗೆ ಒಂದು ಫೋನ್ ಹಾಕಿದ್ರೆ ಸಾಕಿತ್ತು ಸಾರ್. ಈಗ ಎಮ್ಮೆಲ್ಲೆ ಪಿಎ ಹಿಡೀಬೇಕು."

ಇದು ಹೇಗಾಯಿತು ಅಂದರೆ, ಒಂದು ತಿದ್ದುಪಡಿಯಿಂದ. ಜಿಲ್ಲಾ, ತಾಲೂಕು ಪಂಚಾಯಿತಿಗೆ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಐದು ವರ್ಷ ಮುಗಿಯುತ್ತಾ ಬಂದಾಗ ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳ ಗಡಿ ಗುರುತಿಸಿ, ಯಾವ ಕ್ಷೇತ್ರ ಯಾರಿಗೆ ಮೀಸಲು ಅಂತ ಕರಡು ಪಟ್ಟಿಯನ್ನೂ ಹೊರಡಿಸಿತ್ತು. ಅಷ್ಟರಲ್ಲಿ 2021ರಲ್ಲಿ ವಿಧಾನಸೌಧದಲ್ಲಿ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು, ಗಡಿ ಗುರುತಿಸುವ ಅಧಿಕಾರವನ್ನೇ ಆಯೋಗದ ಕೈಯಿಂದ ಕಿತ್ತು, ಸರ್ಕಾರ ನೇಮಿಸುವ ಬೇರೊಂದು ಆಯೋಗಕ್ಕೆ ಕೊಟ್ಟರು. ಮಾಡಿದ ಕೆಲಸವೆಲ್ಲ ಮತ್ತೆ ಮೊದಲಿಂದ. ಚುನಾವಣಾ ಆಯೋಗ ಹೈಕೋರ್ಟಿಗೆ ಹೋಯಿತು. ವಾಯಿದೆ ಮೇಲೆ ವಾಯಿದೆ. 2023ರಲ್ಲಿ ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ಚುನಾವಣೆ ಮಾತ್ರ ಬರಲಿಲ್ಲ. ಹಾಗಾಗಿ ಒಂದೇ ಪಕ್ಷವನ್ನು ಬೈದು ನಾನು ಹಗುರಾಗಲಾರೆ.

ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತದೆ. ಕ್ಷೇತ್ರ ವಿಂಗಡಣೆ ಬಾಕಿ ಇದೆ ಅನ್ನುವ ನೆಪ ನಡೆಯದು ಅಂತ 2022ರ ಮೇನಲ್ಲಿ ಮಧ್ಯಪ್ರದೇಶದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಆದರೂ ನಮ್ಮಲ್ಲಿ ಆಡಳಿತಾಧಿಕಾರಿಗಳೇ ಕೂತರು. ಅವರಲ್ಲಿ ಒಳ್ಳೆಯವರೂ ಇರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ವರ್ಗವಾಗಿ ಹೋಗುವವರನ್ನು ಸಂತೆಯಲ್ಲಿ ಅಡ್ಡಗಟ್ಟಿ "ಏನಪ್ಪಾ, ನಮ್ಮ ಶಾಲೆ ಹೆಂಚು ಏನಾಯ್ತು" ಅಂತ ಕೇಳೋಕಾಗುತ್ತಾ?

ಬೆಂಗಳೂರಿನವರು ನಗಬೇಡಿ, ನಿಮ್ಮದೂ ಅದೇ ಕಥೆ. 2015ರಲ್ಲಿ ಆರಿಸಿದ ಬಿಬಿಎಂಪಿ ಕೌನ್ಸಿಲ್ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 198 ವಾರ್ಡು ಇದ್ದದ್ದು ಕಾಯ್ದೆಯಲ್ಲಿ 243 ಆಯಿತು, ಮುಂದಿನ ಸರ್ಕಾರ ಅದನ್ನು 225 ಮಾಡಿತು, ಆಮೇಲೆ ಗ್ರೇಟರ್ ಬೆಂಗಳೂರು ಕಾಯ್ದೆ ಬಂದು ಪಾಲಿಕೆಯೇ ಐದು ತುಂಡಾಯಿತು. ಪ್ರತಿ ಸಲ ಲೆಕ್ಕ ಬದಲಾದಾಗಲೂ ಗಡಿ ಹೊಸದು, ಮೀಸಲಾತಿ ಹೊಸದು, ಕೇಸೂ ಹೊಸದು.

ಬೇಜಾರೇನು ಗೊತ್ತಾ, ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದ್ದು ನಮ್ಮ ರಾಜ್ಯ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಮಂತ್ರಿ. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ನೀರ್‌ಸಾಬ್ ಅನ್ನಿಸಿಕೊಂಡವರು. ಅವರು ತಂದ 1983ರ ಕಾಯ್ದೆಯ ಪ್ರಕಾರ 1987ರಲ್ಲಿ ಜಿಲ್ಲೆಗೊಂದು ಜಿಲ್ಲಾ ಪರಿಷತ್ತು, ಕೆಲವು ಹಳ್ಳಿ ಸೇರಿ ಒಂದು ಮಂಡಲ ಪಂಚಾಯಿತಿ, ಇವಕ್ಕೆ ಚುನಾವಣೆ ನಡೆಯಿತು. ಹೆಂಗಸರಿಗೆ ಶೇ. 25 ಮೀಸಲು, ಅದೂ ಇಡೀ ದೇಶದ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಮೀಸಲು ಕಡ್ಡಾಯ ಮಾಡಿದ ಸಂವಿಧಾನದ 73ನೇ ತಿದ್ದುಪಡಿ ಬರುವ ಮೊದಲೇ! ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಡಿಸಿಗಿಂತ ಹಿರಿಯ ಅಧಿಕಾರಿ. ಅಂದರೆ ಜಿಲ್ಲೆಯ ದೊಡ್ಡ ಕುರ್ಚಿ ಯಾರದು ಅಂತ ಆಗ ಗೊಂದಲವೇ ಇರಲಿಲ್ಲ.

ಆ ಕುರ್ಚಿ ಖಾಲಿ ಇದ್ದರೆ ಯಾರಿಗೆ ಲಾಭ? ನನಗೆ ಕಾಣುವ ಮಟ್ಟಿಗೆ, ಶಾಸಕರಿಗೆ. ಕೆಳಗೆ ಇನ್ನೊಬ್ಬ ಲೀಡರ್ ಬೆಳೆಯುವುದಿಲ್ಲ, ಚರಂಡಿಯಿಂದ ಹಿಡಿದು ಕಾಂಪೌಂಡ್‌ವರೆಗೆ ಎಲ್ಲ ಪಟ್ಟಿಯೂ ಅವರ ಮನೆ ಬಾಗಿಲಿಗೇ ಬರುತ್ತದೆ. ಕಾಯ್ದೆಗೆ ಕೈ ಎತ್ತುವವರೂ ಅವರೇ ತಾನೇ.

ಉಳಿದದ್ದು ಗ್ರಾಮ ಪಂಚಾಯಿತಿ. ಅವಕ್ಕೆ ಚುನಾವಣೆ ನಡೆದದ್ದು 2020ರ ಡಿಸೆಂಬರಿನಲ್ಲಿ, ಅವಕ್ಕೂ ಐದೇ ವರ್ಷದ ಲೆಕ್ಕ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಬೇಕು ಅಂತ ಕಾಯ್ದೆಯಲ್ಲೇ ಇದೆ. ಮುಂದಿನ ಸಲ ಡಂಗುರ ಕೇಳಿಸಿದರೆ ಹೋಗಿ ಕೂತು, ನಮ್ಮ ತಾಲೂಕು ಪಂಚಾಯಿತಿ ಮೆಂಬರ್ ಯಾರು ಅಂತ ಕೇಳಿ, ಉತ್ತರ ಏನು ಬಂತು ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ. ನಮ್ಮಣ್ಣ ಬರೆಸಿದ್ದಾನೆ. ಶಾಲೆ ಹೆಂಚನ್ನು ಕೊನೆಗೆ ಹಳೇ ವಿದ್ಯಾರ್ಥಿಗಳು ಚಂದಾ ಎತ್ತಿ ಹಾಕಿಸಿದರು. ನಮಸ್ಕಾರ.